ಬಂಡೆಯೊಳಗಿನ ಉಸಿರು

"ನಾಲ್ಕಕ್ಕ ಮದ್ದು ಹಾರಸ್ತೀವಿ. ಅಷ್ಟರೊಳಗ ಹೊರಗ ಬರ್ರಿ. ತಡ ಆದ್ರ ನಾ ಜವಾಬ್ದಾರ ಅಲ್ಲ," ಎಂದ ಸೂಪರ್‌ವೈಸರ್ ಚಂದ್ರಹಾಸ.

ಆಗ ಹನ್ನೆರಡೂವರೆ. ಕಲ್ಲು ಹೊರುವ ಹಂಪಮ್ಮನ ತಮ್ಮ ಲಿಂಗಣ್ಣ, ಅವನ ಜೊತೆಗಾರ ಕಲ್ಯಾಣಪ್ಪ ಕಾಣೆಯಾಗಿ ಎರಡು ದಿನವಾಗಿತ್ತು. ಊರಿಗೆ ಓಡಿಹೋಗಿರಬೇಕೆಂದು ಸೈಟಿನವರು ಕೈತೊಳೆದುಕೊಂಡಿದ್ದರು. ಆದರೆ ಇಬ್ಬರೂ ಬುತ್ತಿ ಉಂಡು ಗುಡ್ಡದ ಗವಿಯಲ್ಲಿ ತಂಪಿಗೆ ಮಲಗುತ್ತಿದ್ದುದು ಹಂಪಮ್ಮನಿಗೆ ಗೊತ್ತಿತ್ತು. ಮೊನ್ನೆಯ ಸ್ಫೋಟಕ್ಕೆ ಆ ಗವಿಯ ಬಾಯಿ ಕುಸಿದಿತ್ತು.

ಹೈದರಾಬಾದಿನ ಪಡುವಣ ಅಂಚಿನಲ್ಲಿ ಆಗ ಇನ್ನೂ ಗುಡ್ಡಗಳಿದ್ದವು. ಆನೆಯ ಮೇಲೆ ಆನೆ ಕೂತಂಥ ಬಂಡೆಗಳು, ಸಂದಿಗಳಲ್ಲಿ ಸೀತಾಫಲದ ಪೊದೆ, ಕಲ್ಲನ್ನು ತಬ್ಬಿ ಇಳಿದ ಬಸರಿಮರದ ಬೇರು. ಈ ಗುಡ್ಡದ ಒಂದು ಮಗ್ಗುಲು ಮಾಯವಾಗಿ, ಅಲ್ಲಿ ಕಂಪ್ಯೂಟರ್ ಕಂಪನಿಯ ಗಾಜಿನ ಕಟ್ಟಡ ಎದ್ದಿತ್ತು. ಉಳಿದದ್ದನ್ನು ಒಡೆಯಲು ರಾಯಚೂರು, ಯಾದಗಿರಿ ಕಡೆಯ ಜನ ಬಂದಿದ್ದರು.

ಒಳಗೆ ಹೊರಟವರು ಮೂವರು. ಕಲ್ಲಿನ ಕೆಲಸದಲ್ಲೇ ತಲೆ ನರೆತ ಮೌನಪ್ಪ ಮುಂದೆ, ಮೇಣದ ಬತ್ತಿ, ಹಗ್ಗ, ಹಾರೆ ಹಿಡಿದು. ನಡುವೆ ಗೋಣಿಚೀಲ ಹಿಡಿದ ಹಂಪಮ್ಮ. ಹಿಂದೆ ಲಾರಿ ಡ್ರೈವರ್ ಬಸು, ಹೆಗಲ ಮೇಲೆ ಲಾರಿಯ ಜಾಕಿ.

ಗವಿಯ ಹಿಂಬದಿಯ ಸಂದಿಯಲ್ಲಿ ಹೊಟ್ಟೆಯ ಮೇಲೆ ತೆವಳಿ ನುಸುಳಿದರು. ಒಳಗೆ ದಾರಿ ಎರಡಾಯಿತು. ಒಂದು ಕೆಳಗಿನ ಕುಳಿಗೆ ಇಳಿದಿತ್ತು. ಅಲ್ಲಿ ಒಂದು ಕೈ ಕಂಡಿತು.

"ಕಲ್ಯಾಣಪ್ಪಾ!" ಬಸು ಧುಮುಕಲು ಹೋದ.

ಮೌನಪ್ಪ ಅವನ ರಟ್ಟೆ ಹಿಡಿದೆಳೆದ. ಬತ್ತಿಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಮೊಣಕಾಲೆತ್ತರ ಇಳಿಯುವಷ್ಟರಲ್ಲಿ ಅದು ನಂದಿತು.

"ಕೆಟ್ಟ ಗಾಳಿ ನಿಂತೈತಿ. ಇಳಿದ್ರ ನಮಗೂ ಅದೇ ಗತಿ."

ದಾರಿ ಹುಡುಕುತ್ತ ಇಳಿದವನು ಅಲ್ಲೇ ಉಸಿರು ಚೆಲ್ಲಿದ್ದ. ಹಂಪಮ್ಮ ನಂದಿದ ಬತ್ತಿಯನ್ನೇ ನೋಡಿದಳು. ತಮ್ಮನೂ ಹೀಗೇ?

ಆಗ ಮೇಲೆ ರೆಕ್ಕೆ ಬಡಿದ ಸದ್ದು. ಬೇರೆ ಸಂದಿಯಿಂದ ಬಾವಲಿಗಳು ಎದ್ದಿದ್ದವು.

"ಕಾಕಾ, ಅವೂ ಉಸಿರಾಡೂ ಜೀವ ಅಲ್ಲೇನು? ಅಲ್ಲಿ ಗಾಳಿ ಇರ್ತೈತಿ," ಎಂದಳು ಹಂಪಮ್ಮ.

ಮೌನಪ್ಪ ಬತ್ತಿ ಮತ್ತೆ ಹಚ್ಚಿ ಆ ಸಂದಿಗೆ ಒಡ್ಡಿದ. ಜ್ವಾಲೆ ನೆಟ್ಟಗೆ ನಿಂತಿತು.

ಮೊಣಕಾಲ ಮೇಲೆ ತೆವಳಿದರು. ಕಲ್ಲು ಚರ್ಮ ಸುಲಿಯಿತು. ಕೊನೆಗೊಂದು ಪುಟ್ಟ ಗೂಡು. ಮೇಲಿನಿಂದ ಬಸರಿಯ ಬೇರು ಇಳಿದು, ತುದಿಯಲ್ಲಿ ನೀರು ಜಿನುಗುತ್ತಿತ್ತು. ಅದರ ಕೆಳಗೆ ಬಾಯಿ ತೆರೆದು ಬಿದ್ದಿದ್ದ ಲಿಂಗಣ್ಣ. ಬಲಗಾಲು ಬಂಡೆಯಡಿ.

"ತಮ್ಮಾ!"

ಮಾತಿಲ್ಲ. ಮೈ ತಣ್ಣಗಿತ್ತು. ಹಂಪಮ್ಮ ಮೂಗಿನ ಬಳಿ ಅಂಗೈ ಹಿಂಬದಿ ಹಿಡಿದಳು. ಏನೂ ತಿಳಿಯಲಿಲ್ಲ. ಎಡ ಅಂಗಾಲನ್ನು ಉಗುರಿನಿಂದ ಜೋರಾಗಿ ಚಿವುಟಿದಳು.

ಹೆಬ್ಬೆರಳು ಹಿಂದಕ್ಕೆ ಸರಿಯಿತು.

"ಜೀವ ಐತಿ! ಜಾಕಿ ಹಚ್ಚೋ ಬಸು!"

ಬಸು ತಿರುಗಿಸಿದ. ಬಂಡೆ ಕೂದಲೆಳೆಯಷ್ಟು ಎದ್ದು, ಕಿರ್ರೆಂದು ಜಾರಿತು. ಮೌನಪ್ಪ ಹಾರೆ ಕೊಟ್ಟು ತಡೆದ. ಮತ್ತೆ ತಿರುಗಿಸಿದ. ಎರಡು ಬೆರಳು. ನಾಲ್ಕು ಬೆರಳು.

"ಎಳಿರೀ!"

ಕಾಲು ಹೊರಬಂತು. ಮೊಣಕಾಲ ಕೆಳಗೆ ಅದು ಕಾಲಿನಂತಿರಲಿಲ್ಲ. ಹಂಪಮ್ಮ ಸೆರಗು ಹರಿದು ಬಿಗಿಯಾಗಿ ಕಟ್ಟಿದಳು.

ಅವನನ್ನು ಗೋಣಿಚೀಲದ ಮೇಲೆ ಎಳೆಯುತ್ತ ಹೊರಬಿದ್ದಾಗ ನಾಲ್ಕಕ್ಕೆ ಹತ್ತು ನಿಮಿಷ. ಚಂದ್ರಹಾಸನ ಬಾಯಲ್ಲಿ ಮದ್ದು ಹಾರಿಸುವ ಮುಂಚಿನ ಎಚ್ಚರಿಕೆಯ ಸೀಟಿ ಇತ್ತು.

"ಬಂದಿರಲ್ಲ. ಸರೀರಿ, ದೂರ ಸರೀರಿ."

"ಕಲ್ಯಾಣಪ್ಪ ಇನ್ನೂ ಒಳಗದಾನ," ಎಂದಳು ಹಂಪಮ್ಮ.

"ಸತ್ತಾನಲ್ಲ?"

ಮೌನಪ್ಪ ಹೋಗಿ ಗವಿಯ ಮೇಲಿನ ಬಂಡೆ ಹತ್ತಿ ಕೂತ. ಅವನ ಹಿಂದೆ ಡ್ರಿಲ್ ಹಿಡಿಯುವವರು, ಕಲ್ಲು ಹೊರುವ ಹೆಂಗಸರು, ಒಬ್ಬೊಬ್ಬರೇ ಹತ್ತಿದರು. ನಾಲ್ಕು ಹೊಡೆಯಿತು. ಚಂದ್ರಹಾಸ ಸೀಟಿ ಊದಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಕಲ್ಯಾಣಪ್ಪನ ಹೆಣ ಎತ್ತಲು ಹಗ್ಗ, ಕೊಕ್ಕೆ ತರಿಸಿದ.

ಅಷ್ಟರಲ್ಲಿ ಬಸು ಅಕ್ಕ-ತಮ್ಮರನ್ನು ಹತ್ತಿಸಿಕೊಂಡು ಲಾರಿಯನ್ನು ದವಾಖಾನೆ ಕಡೆ ಓಡಿಸಿದ್ದ. ಕಾಲು ಉಳಿಯುವುದಿಲ್ಲವೆಂದು ಹಂಪಮ್ಮನಿಗೆ ಆಗಲೇ ತಿಳಿದಿತ್ತು. ಒದ್ದೆ ಬಟ್ಟೆಯಿಂದ ತಮ್ಮನ ತುಟಿ ಒರೆಸುತ್ತ ಕೂತಿದ್ದಳು.

ಲಿಂಗಣ್ಣ ಕಣ್ಣು ಬಿಟ್ಟ.

"ಅಕ್ಕಾ... ಹಸಿವಿ ಆಗೇತಿ."

"ಆಗಲಿ," ಎಂದಳು ಹಂಪಮ್ಮ. "ಆಗಲಿ, ನನ್ನಪ್ಪಾ."