ಯಾರ ಮರಿ?

"ಹೋಗೋದು ಹೋಗಿ. ಆದ್ರೆ ನನ್ನ ಮರೀನ ಹೋದ ಹಾಗೇ ತಂದು ನನ್ನ ಕೈಗೆ ಕೊಡ್ಬೇಕು, ಅಷ್ಟೇ."

ಹಲಸೂರಿನ ಮನೆಬಾಗಿಲಲ್ಲಿ ನಿಂತು ಪಟಾಲಮ್ಮ ಮಗನಿಗೆ ಅಪ್ಪಣೆ ಕೊಟ್ಟರು. ಮರಿ ಎಂದರೆ ನಾಲ್ಕು ವರ್ಷದ ಮೊಮ್ಮಗಳು ಇಂಚರ. ಅವಳ ನಿಜವಾದ ಹೆಸರು ಮನೆಯವರಿಗೇ ಅರ್ಧ ಮರೆತುಹೋಗಿತ್ತು.

ನಿತೀಶ ಟೆಂಟು, ಹಗ್ಗ, ಟಾರ್ಚು ಕಾರಿಗೆ ತುಂಬಿದ. ಹೆಂಡತಿ ಸುಕನ್ಯ ಪುಳಿಯೋಗರೆ ಡಬ್ಬಿ ಹಿಡಿದು ಹತ್ತಿದಳು. ಕೋಲಾರದಾಚೆಯ ಬಂಡೆಗುಡ್ಡದ ಬುಡದಲ್ಲಿ ಒಂದು ರಾತ್ರಿ ಟೆಂಟಿನಲ್ಲಿ ಮಲಗಿ, ಮಗಳಿಗೆ ಗುಡ್ಡದ ಮೇಲೆ ಸೂರ್ಯ ಹುಟ್ಟುವುದನ್ನು ತೋರಿಸಬೇಕು. ಗುರಿ ಇಷ್ಟೇ.

ಅನುಮಾನ ನಿತೀಶನಿಗೆ ಅಂಟಿದ ಗುಣ. ಕೆ.ಆರ್. ಪುರದ ಕಡೆಯ ಅವರ ಹೊಲ ಸೈಟುಗಳಾದಾಗಿನಿಂದ ಮನೆಗೆ ನಗುತ್ತಾ ಬಂದವರೆಲ್ಲ ಬಗಲಲ್ಲೊಂದು ಫೈಲು ಇಟ್ಟುಕೊಂಡೇ ಬಂದಿದ್ದರು. ಹಾಗಾಗಿ ಯಾರಾದರೂ ನಕ್ಕರೆ ಅವನು ಮೊದಲು ಅವರ ಬಗಲು ನೋಡುತ್ತಿದ್ದ.

ಕೆ.ಆರ್. ಪುರದ ತೂಗುಸೇತುವೆಯ ಜಾಮು ದಾಟಿದ ಮೇಲೆ ರಸ್ತೆ ಹಗುರಾಯಿತು. ಟೊಮೆಟೊ ತೋಟಗಳು, ನೀಲಗಿರಿ ತೋಪುಗಳು, ಒಣಗಿದ ಕೆರೆಯಂಗಳದಲ್ಲಿ ಮೇಯುವ ಕುರಿಗಳು ಹಿಂದೆ ಸರಿದವು. ಸಂಜೆಯ ಹೊತ್ತಿಗೆ ಬಂಡೆಗುಡ್ಡ ಎದುರಿಗೆ ಬಂತು. ಒಂದರ ಮೇಲೊಂದು ಕೂತ ಬಂಡೆಗಳು, ನಡುವೆ ಕತ್ತಲೆಯ ಸಂದುಗಳು, ಅಲ್ಲಲ್ಲಿ ಲಂಟಾನಾ ಪೊದೆ. ಚೆಲುವಾದ ಜಾಗ, ಆದರೆ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಟೆಂಟಿನ ಜಾಗ ನೋಡಿಕೊಳ್ಳುವ ಲಕ್ಷ್ಮಿಕಾಂತ ನಗುತ್ತಲೇ ಬಂದ. ಕಾರು ಒಳಗೆ ಬಂದದ್ದೇ ತಡ, ಗೇಟಿಗೆ ಬೀಗ ಜಡಿದ.

"ಬೀಗ ಯಾಕ್ರೀ?"

"ಸುಮ್ನೆ ಸಾರ್. ಮಗೂನ ಮಾತ್ರ ಒಂಟಿಯಾಗಿ ಬಿಡ್ಬೇಡಿ."

ನಿತೀಶನ ಕಿವಿ ನೆಟ್ಟಗಾಯಿತು. ನೀರು ತರುವ ನೆಪದಲ್ಲಿ ಅಡುಗೆ ಶೆಡ್ಡಿನ ಹಿಂದೆ ಹೋದ. ಒಳಗೆ ಲಕ್ಷ್ಮಿಕಾಂತ ಪಿಸುದನಿಯಲ್ಲಿ ಫೋನು ಮಾಡುತ್ತಿದ್ದ.

"ಮರಿ ಇಲ್ಲೇ ಐತೆ ಸಾರ್. ಹೆಣ್ಣು. ಯಾರ್ಗೂ ಹೇಳಿಲ್ಲ. ಬುಟ್ಟೀಲಿ ಹಾಕಿ ಬಂಡೆ ಹತ್ರ ಇಡ್ತೀನಿ. ತಾಯಿ ನೋಡ್ಬಿಟ್ರೆ ಕಷ್ಟ, ಕತ್ತಲಾಗೋದ್ರೊಳ್ಗೆ ಮುಗಿಸ್ತೀನಿ."

ನಿತೀಶ ನೀರಿನ ಬಿಂದಿಗೆ ಅಲ್ಲೇ ಬಿಟ್ಟ. ಓಡಿಬಂದು ಹೆಂಡತಿಯ ಕೈ ಹಿಡಿದ.

"ಏಳು! ಮರೀನ ಎತ್ಕೊಂಡ್ ಹೋಗೋಕೆ ನೋಡ್ತಿದಾನೆ."

"ರೀ, ಕಾರು?"

"ಗೇಟಿಗೆ ಬೀಗ ಹಾಕವ್ನಲ್ಲ! ಬಂಡೆ ಸಂದಿಯಿಂದ ಆಚೆಗೆ ದಾಟಿದ್ರೆ ಮೇನ್ ರೋಡು."

ಸುಕನ್ಯ ಮಗಳನ್ನು ಕಂಬಳಿಯಲ್ಲಿ ಸುತ್ತಿ ಎದೆಗವುಚಿಕೊಂಡಳು. ಇಬ್ಬರೂ ಬೇಲಿ ನುಸುಳಿದರು. ಬಂಡೆ ಹತ್ತಿದರು, ಜಾರಿದರು, ಮತ್ತೆ ಹತ್ತಿದರು. ದೊಡ್ಡ ಬಂಡೆಯ ಮೂಲೆಯಲ್ಲಿ ತಿರುಗಿದರೆ ಎದುರಿಗೆ ಮುಚ್ಚಳ ಹಾಕಿದ ಬಿದಿರು ಬುಟ್ಟಿ!

ಅಷ್ಟರಲ್ಲಿ ಉದ್ದನೆಯ ಬಿದಿರಿನ ಗಳು ಹಿಡಿದ ಲಕ್ಷ್ಮಿಕಾಂತ ಪೊದೆಯ ಆಚೆಯಿಂದ ಬಂದ. ಕಂಬಳಿಯ ಗಂಟು ಕಂಡು ಅವನ ಮುಖ ಕೆಂಪಾಯಿತು.

"ಕಳ್ಳರು! ಮರಿ ಕೆಳಗಿಡ್ರೀ!"

"ಇಡಲ್ಲ ಕಣೋ!" ನಿತೀಶ ಮೇಲೆ ಬಿದ್ದು ಗಳು ಕಿತ್ತುಕೊಂಡ. "ನಮ್ಮ ಮರಿ ಇದು!"

"ನಿಮ್ದಾ? ಕಾಡಿಂದು ರೀ ಅದು!"

ಕಂಬಳಿಯಿಂದ ಇಂಚರಳ ತಲೆ ಹೊರಬಂತು. ಲಕ್ಷ್ಮಿಕಾಂತ ಬಾಯಿ ತೆರೆದವನು ಮುಚ್ಚಲಿಲ್ಲ. ಬುಟ್ಟಿಯೊಳಗಿಂದ ಸಣ್ಣದಾಗಿ ಏನೋ ಕೂಗಿತು.

"ಚಿರತೆ ಮರಿ ಸಾರ್," ಅವನು ಉಸುರಿದ. "ಸೌದೆ ಆಯೋರು ಎತ್ಕೊಂಡ್ ಬಂದಿದ್ರು. ಸಿಕ್ಕಿದ ಜಾಗದಲ್ಲೇ ಇಡು ಅಂದ್ರು ಫಾರೆಸ್ಟ್ನೋರು. ಜನ ಮೊಬೈಲ್ ಹಿಡ್ಕೊಂಡ್ ಮುತ್ಕೊತಾರೆ ಅಂತ ಬೀಗ ಹಾಕ್ದೆ."

ಮೇಲಿನ ಬಂಡೆಯಿಂದ ಒಂದು ಕಲ್ಲು ಉರುಳಿತು.

ತಾಯಿ ಬಂದಿತ್ತು.

ಹಳದಿ ಕಣ್ಣುಗಳು ಅವರನ್ನೇ ನೋಡುತ್ತಿದ್ದವು. ಗುರುಗುಟ್ಟುವಿಕೆ ಎದೆಯೊಳಗೇ ಕೇಳಿದಂತಾಯಿತು.

"ಓಡ್ಬೇಡಿ. ಬೆನ್ನು ತೋರಿಸ್ಬೇಡಿ. ಮುಚ್ಚಳ ತೆಗೀರಿ ಸಾರ್, ಗಳು ನಿಮ್ಮ ಕೈಲೇ ಐತೆ."

ನಿತೀಶನಿಗೆ ಭಯದಿಂದ ಅಳುವೇ ಬಂತು. ಆದರೂ ಸುಕನ್ಯಳ ಮುಂದೆ ಬಂದು ನಿಂತ. ಗಳು ಚಾಚಿದ. ತುದಿ ಮುಚ್ಚಳಕ್ಕೆ ತಾಗಲಿಲ್ಲ. ಮತ್ತೆ ಚಾಚಿದ. ಮುಚ್ಚಳ ಮಗುಚಿಬಿತ್ತು. ಒಂದೊಂದೇ ಹೆಜ್ಜೆ ಹಿಂದಿಡುತ್ತಾ ಮೂವರೂ ಸರಿದರು. ಇಂಚರ ಅಮ್ಮನ ತೋಳಿನೊಳಗಿಂದ ಕತ್ತು ತಿರುಗಿಸಿ ನೋಡುತ್ತಲೇ ಇದ್ದಳು.

ಚಿರತೆ ಇಳಿದು ಬಂತು. ಬುಟ್ಟಿಗೆ ಮೂತಿ ಹಾಕಿ, ಮರಿಯ ಕತ್ತು ಕಚ್ಚಿ ಎತ್ತಿಕೊಂಡು ಸಂದಿನಲ್ಲಿ ಮಾಯವಾಯಿತು. ಸುಕನ್ಯಳ ಕಣ್ಣು ತುಂಬಿದವು. ಮಗಳನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು.

ಟೆಂಟು ಹಾಕಲೇ ಇಲ್ಲ. ಲಕ್ಷ್ಮಿಕಾಂತನ ಕೋಣೆಯಲ್ಲೇ ಮಲಗಿ, ಅದರ ಹೊಸ್ತಿಲ ಮೇಲೆ ಕೂತು ಸೂರ್ಯೋದಯ ನೋಡಿದರು. ಅವನು ನಗುತ್ತಾ ಚಹಾ ತಂದ. ಈ ಸಲ ನಿತೀಶ ಅವನ ಬಗಲು ನೋಡಲಿಲ್ಲ.

ಮಧ್ಯಾಹ್ನ ಹಲಸೂರಿನ ಮನೆಮುಂದೆ ಕಾರು ನಿಂತಿತು. ಇಂಚರ ಓಡಿಹೋಗಿ ಅಜ್ಜಿಯ ಮುಂದೆ ಕತ್ತು ಬಗ್ಗಿಸಿದಳು.

"ಅಜ್ಜೀ, ಕತ್ತು ಕಚ್ಚಿ ಎತ್ಕೋ!"

ಪಟಾಲಮ್ಮ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಏನೋ ಮಾಡ್ದೆ ನನ್ನ ಮರಿಗೆ?"

"ಹೋದ ಹಾಗೇ ತಂದಿದೀನಿ, ಅಮ್ಮ."

ಪಟಾಲಮ್ಮ ನಂಬಲಿಲ್ಲ. ಮೊಮ್ಮಗಳ ಜುಟ್ಟು ಸರಿಸಿ, ಕತ್ತನ್ನು ಎರಡೂ ಕಡೆ ನೋಡಿ, ಆಮೇಲೆಯೇ ಎತ್ತಿಕೊಂಡು ಒಳಗೆ ಹೋದರು.