ಘಾಟಿಯ ಏಳನೇ ಲೈನ್

"ಪಾಸ್ ಮಾಡು ಮಾರಾಯ್ತಿ, ಯಾರಿಗೆ ಗೊತ್ತಾಗ್ತದೆ?" ಶನಿವಾರ ಮಧ್ಯಾಹ್ನ ಚಾರ್ಮಾಡಿ ಘಾಟಿಯಿಂದ ಫೋನ್ ಮಾಡಿದ ಮುಖೇಶನ ಸ್ವರದಲ್ಲಿ ನಗುವಿತ್ತು.

ಮಂಗಳೂರಿನ ಫಳ್ನೀರಿನ ಆಫೀಸಿನಲ್ಲಿದ್ದ ಮನ್ವಿತಾಳಿಗೆ ನಗು ಬರಲಿಲ್ಲ. ಕುಳಿ ತೋಡಿ ಮದ್ದು ಸಿಡಿಸಿ, ಆ ಕಂಪನ ನೆಲದಾಳಕ್ಕೆ ಹೋಗಿ ಮರಳುವುದನ್ನು ಜಿಯೋಫೋನುಗಳಲ್ಲಿ ಗೆರೆಗಳಾಗಿ ಹಿಡಿಯುವುದು ಅವನ ಕೆಲಸ. ಆ ಗೆರೆಗಳು ಸರಿಯಿದ್ದರೆ ಪಾಸ್ ಮಾಡಿ, ಅವನ್ನು ನೋಡಿ ಘಟ್ಟದ ಅಡಿಯ ಭೂಚಿಪ್ಪು ಎಷ್ಟು ದಪ್ಪ, ಎಲ್ಲಿ ಮುರಿದಿದೆ ಎಂದು ಹೇಳುವುದು ಅವಳ ಕೆಲಸ. ಅವನು ಆಗಷ್ಟೇ ಕಳಿಸಿದ್ದ ಏಳನೇ ಲೈನಿನ, ಅಂದರೆ ಏಳನೇ ಸಾಲು ಕುಳಿಗಳ, ರೆಕಾರ್ಡಿನಲ್ಲಿ ಅರ್ಧಕ್ಕರ್ಧ ಗೆರೆಗಳು ಕಲಸಿಹೋಗಿದ್ದವು.

"ಜಿಯೋಫೋನನ್ನು ಗಟ್ಟಿ ನೆಲಕ್ಕೆ ಊರಲಿಲ್ಲ ಅಲ್ವಾ? ತರಗೆಲೆ ಮೇಲೆಯೇ ಚುಚ್ಚಿ ಓಡಿದ್ದೀರಿ."

"ಎಂತ ಮಾಡುದು? ಇವತ್ತೇ ಮುಗಿಸಿ ಇಳಿಬೇಕಿತ್ತು. ನಾಳೆ ನಿಮ್ಮನೆಗೆ ಬರ್ಲಿಕ್ಕುಂಟಲ್ಲ. ಹೊಸ ಶರ್ಟ್ ಬೇರೆ ತೆಗೆದಿಟ್ಟಿದ್ದೇನೆ."

ಅವಳ ಕೆನ್ನೆ ಬೆಚ್ಚಗಾಯಿತು. ಬೇರೆ ಜಾತಿಯ ಹುಡುಗ ಎಂದು ಎರಡು ವರ್ಷ ಮುಖ ತಿರುಗಿಸಿದ್ದ ಮನೆಯವರು ಕಡೆಗೂ ಒಂದು ಭಾನುವಾರ ಕೊಟ್ಟಿದ್ದರು. ಸೋದರಮಾವ ಚಿತ್ತರಂಜನ ಬಜಪೆಯಿಂದ ಬರುವವರಿದ್ದರು. ಆ ಮನೆಯಲ್ಲಿ ಮಾವ ಒಪ್ಪದೆ ಮದುವೆಯ ಮಾತೇ ಇಲ್ಲ.

ಮದ್ದು ಸಿಡಿಸುವ ಪರವಾನಗಿ ಭಾನುವಾರಕ್ಕೆ ಮುಗಿಯುತ್ತಿತ್ತು. ರಿಜೆಕ್ಟ್ ಮಾಡಿದರೆ ಮರುದಿನವೇ ಪುನಃ ಸಿಡಿಸಬೇಕು, ತಂಡದ ಮುಖ್ಯಸ್ಥನಾದ ಮುಖೇಶ ಅಲ್ಲಿರಲೇಬೇಕು. ಅದು ಗೊತ್ತಿದ್ದೇ ಅವಳು ರಿಜೆಕ್ಟ್ ಒತ್ತಿದಳು. ಮಾವನ ಹತ್ತಿರ ಇನ್ನೊಂದು ವಾರ ಸಮಯ ಕೇಳಿದರಾಯಿತು ಅಂದುಕೊಂಡಳು, ಹುಚ್ಚಿ! ಮಾವ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ನಮ್ಮನ್ನು ಕರೆಸಿ ಕೂರಿಸಿ, ಅವನಿಗೆ ಗುಡ್ಡೆಯೇ ದೊಡ್ಡದಾಯ್ತಾ?" ಎಂದು ಭಾನುವಾರ ಅವರು ಊಟ ಬಿಟ್ಟು ಎದ್ದರು. ಸಂಜೆ ಮುಖೇಶನಿಗೆ ಫೋನ್ ಮಾಡಿ, ಅವನ ತಂದೆ ತಾಯಿಯನ್ನೂ ಎಳೆದು ಬಾಯಿಗೆ ಬಂದ ಹಾಗೆ ಬೈದರು.

ಬುಧವಾರ ಅವನು ಆಫೀಸಿಗೆ ಬಂದ. ಎಂದಿನ ಹಾಗೆ ಬಾಗಿಲಲ್ಲೇ ನಿಂತು ಕಣ್ಣು ಮಿಟುಕಿಸಲಿಲ್ಲ.

"ಹೊಸ ರೆಕಾರ್ಡ್ ಚಂದ ಉಂಟು," ಎಂದಳು, ಬೇರೇನೂ ತೋಚದೆ. "ನಲವತ್ತು ಕಿಲೋಮೀಟರ್ ಆಳದವರೆಗೂ ಕಾಣ್ತದೆ."

"ಉತ್ತರಾಖಂಡದ ಸರ್ವೇಗೆ ಹೆಸರು ಕೊಟ್ಟಿದ್ದೇನೆ, ಮನ್ವಿ. ಎರಡು ವರ್ಷ."

"ನಾನೂ ಬರ್ತೇನೆ. ಮನೆ ಬಿಟ್ಟೇ ಬರ್ತೇನೆ. ನೀನಿಲ್ಲದೆ ನನಗೆ ಆಗುದಿಲ್ಲ ಮುಖೇಶ್."

ಅವನು ಅವಳನ್ನೇ ನೋಡಿದ. ಆ ಕಣ್ಣಲ್ಲಿ ಪ್ರೀತಿ ಇನ್ನೂ ಇತ್ತು, ಅವಳಿಗೆ ಸಂಕಟವಾದದ್ದೇ ಅದಕ್ಕೆ.

"ಒಂದು ಹೇಳು. ಆ ಶನಿವಾರ ಪುನಃ ಬಂದ್ರೆ ಪಾಸ್ ಮಾಡ್ತಿಯಾ?"

ಹ್ಞೂಂ ಅಂದಿದ್ದರೆ ಸಾಕಿತ್ತು. ಗಂಟಲಿನವರೆಗೆ ಬಂದೂ ಇತ್ತು.

"ಇಲ್ಲ," ಎಂದಳು.

"ಗೊತ್ತಿತ್ತು ನನಗೆ. ಜೀವಮಾನ ಇಡೀ ನಿನ್ನೆದುರು ತಪ್ಪು ಮಾಡದೆ ಇರ್ಲಿಕ್ಕೆ ನನ್ನಿಂದ ಆಗುದಿಲ್ಲ." ಅವನು ಬಾಗಿಲು ತೆರೆದು ಹೊರಟ.

ಕೂಗಿ ಕರೆಯಬಹುದಿತ್ತು. ಕರೆದರೆ ಸುಳ್ಳು ಹೇಳಬೇಕಾಗುತ್ತಿತ್ತು. ಲಿಫ್ಟ್ ಕೆಳಗಿಳಿದ ಮೇಲೆ ಅವಳು ಏಳನೇ ಲೈನಿನ ಹೊಸ ರೆಕಾರ್ಡಿಗೆ ಪಾಸ್ ಒತ್ತಿದಳು.