ಎರಡು ನಿಮಿಷದ ತಪ್ಪು

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಾನೂ ಭಾವನೂ ಹವ್ಯಾಸಿ ರೇಡಿಯೋದವರು. ಉಪಗ್ರಹ ನೆತ್ತಿಯ ಮೇಲೆ ಹಾಯುವ ಹತ್ತು ನಿಮಿಷ ಅದರ ಮೂಲಕ ಮಾತಾಡುತ್ತಿದ್ದೆವು. ಅದು ಬರುವ ಹೊತ್ತನ್ನು, ನಾವಿರುವ ಜಾಗಕ್ಕೆ ತಕ್ಕಂತೆ, ಕೈಯಲ್ಲಿನ ರೇಡಿಯೋವೇ ಲೆಕ್ಕಹಾಕಿ ತೋರಿಸುತ್ತದೆ.

ಭಾವ ದೂರದ ಆಸ್ಪತ್ರೆ ಸೇರಿದರು. ನಾನು ನೋಡಲು ಹೋಗಲಿಲ್ಲ. ಒಂದು ಸಂಜೆ ಅಲ್ಲಿನ ಮಹಡಿಯಿಂದ ರೇಡಿಯೋದಲ್ಲಿ ಕರೆದರು: “ಬರೋಕಾಗ್ದಿದ್ರೆ ಬಿಡಪ್ಪಾ, ಒಂದು ಮಾತಾದ್ರೂ ಆಡು.”

ಕೇಳಿಸಿತು. ಯಾವ ಮುಖ ಇಟ್ಟುಕೊಂಡು ಮಾತಾಡಲಿ ಎಂದು ಗುಂಡಿ ಒತ್ತಲಿಲ್ಲ. ಮರುದಿನ ಅವರು ತೀರಿಕೊಂಡರು.

“ರೇಡಿಯೋ ಟೈಮ್ ತಪ್ಪು ತೋರಿಸ್ತಕ್ಕಾ, ಭಾವ ಸಿಗ್ಲೇ ಇಲ್ಲ” ಎಂದು ಅಕ್ಕನಿಗೆ ಹಸಿ ಸುಳ್ಳು ಹೇಳಿದೆ.

ಅಂದಿನಿಂದ ಅದು ನಿಜವಾಗಿಯೇ ಎರಡು ನಿಮಿಷ ತಪ್ಪು ತೋರಿಸತೊಡಗಿತು. ಗಡಿಯಾರ ಸರಿಪಡಿಸಿದೆ, ಕಕ್ಷೆಯ ಹೊಸ ಮಾಹಿತಿ ತುಂಬಿದೆ. ಕೊನೆಗೆ ನೋಡಿದರೆ, ನಾನಿರುವ ಜಾಗವೆಂದು ಅದರಲ್ಲಿ ಆ ಆಸ್ಪತ್ರೆ ದಾಖಲಾಗಿತ್ತು. ರೇಡಿಯೋ ನನ್ನ ಮನೆ ಬಿಟ್ಟು ಹೋದದ್ದೇ ಇಲ್ಲ. ಎಷ್ಟು ಸಲ ಅಳಿಸಿದರೂ ಬೆಳಗಾಗುವಷ್ಟರಲ್ಲಿ ಮತ್ತೆ ಅದೇ. ಆಫ್ ಮಾಡಿಟ್ಟರೂ, ಯಾರೋ ಈಗಷ್ಟೇ ಹಿಡಿದು ಇಟ್ಟಂತೆ ಬೆಚ್ಚಗಿರುತ್ತಿತ್ತು. ಸೋತು ಕೈಬಿಟ್ಟೆ.

ಹೋದ ವಾರ ತಪ್ಪು ಒಂದು ನಿಮಿಷಕ್ಕಿಳಿಯಿತು. ನಿನ್ನೆ ಇಪ್ಪತ್ತು ಸೆಕೆಂಡು.

“ಅಂತೂ ಸರಿಮಾಡ್ದೆಯಲ್ಲೋ” ಎಂದಳು ಅಕ್ಕ.

ಇಂದು ಬೆಳಗ್ಗೆ ತಪ್ಪೇ ಇಲ್ಲ. ದಾಖಲಾಗಿರುವ ಜಾಗ ನಮ್ಮ ಬೀದಿಯ ತುದಿ.